ಸುಮ್ಕೆ ತೆಗೆದ ಬಾಗಿಲು

“ಅರ್ಧ ಅರ್ಧ ಕಣ್ ಮೇಡಂ. ಮೂರ್ರಲ್ಲಿ ಒಂದ್ ಓಯ್ತು, ಎರಡ್ ಉಳ್ಕಂಡ್ವು. ಇದ್ಕೆ ಬಿಎಸ್ಸಿ ಓದ್ಬೇಕಾ?”

ಹೆಡ್ ಕಾನ್‌ಸ್ಟೇಬಲ್ ಗಂಗಯ್ಯ ಕನಕಪುರದಿಂದ ಆಗಷ್ಟೇ ಬಂದಿದ್ದ. ಟೋಪಿ ತೆಗೆದು ಮೇಜಿನ ಮೇಲಿಟ್ಟ, ಚೊಂಬು ಎತ್ತಿ ಗಟಗಟ ನೀರು ಕುಡಿದ, ಮೀಸೆ ಒರೆಸಿಕೊಂಡ, ಆಮೇಲೆ ಈ ತೀರ್ಪು ಕೊಟ್ಟ. ಅವನು ತೀರ್ಪು ಕೊಟ್ಟರೆ ಹೈಕೋರ್ಟಿಗೆ ಹೋದರೂ ಬದಲಾಗುವುದಿಲ್ಲ ಎಂದು ಅವನ ನಂಬಿಕೆ.

ಸಬ್ ಇನ್‌ಸ್ಪೆಕ್ಟರ್ ಭಾನುಪ್ರಿಯ ಮೇಜಿನ ಆಚೆ ಕೂತಿದ್ದಳು. ರಾಮನಗರದ ಹತ್ತಿರದ ಕೂಟಗಲ್ಲಿನ ದಾಸಪ್ಪನ ಮಗಳು ಆಕೆ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಲೆಕ್ಕ ಬಿಡಿಸಿ, ಬಿಎಸ್ಸಿಯಲ್ಲಿ ಗಣಿತ ಪಾಸು ಮಾಡಿ, ಹೆಗಲ ಮೇಲೆ ಎರಡು ನಕ್ಷತ್ರ ಹೊತ್ತು ಚನ್ನಪಟ್ಟಣದ ಠಾಣೆಗೆ ಬಂದವಳು. ಊರಿಗೆ ಊರೇ ಅವಳ ಹೆಸರು ಹೇಳಿ ಎದೆ ಉಬ್ಬಿಸುತ್ತಿತ್ತು. ಅವಳಿಗೂ ತನ್ನ ಬಗ್ಗೆ ಅಭಿಮಾನ ಕಡಿಮೆ ಇರಲಿಲ್ಲ, ಸುಳ್ಳು ಯಾಕೆ ಹೇಳಬೇಕು.

ಆದರೆ ಇವತ್ತು ಆ ಅಭಿಮಾನ ಒಂದು ಗಂಟಿನಲ್ಲಿ ಸಿಕ್ಕಿಕೊಂಡಿತ್ತು. ಊರಿನ ಹಿರಿಯ ಬೊಂಬೆ ಕೆಲಸಗಾರ ಶರೀಫ್ ಸಾಬರು ಆನೆಗಳ ಸಾಲಿನೊಂದಿಗೆ ಮಾಡಿದ್ದ ಅರಗಿನ ಅಂಬಾರಿ, ಬೊಂಬೆ ಕೆಲಸಗಾರರ ಸಂಘದ ಗಾಜಿನ ಬೀರುವಿನಿಂದ ಕಳುವಾಗಿ, ವ್ಯಾಪಾರಿ ಅಶ್ವಥನ ಗಾಡಿಯಲ್ಲಿ ಹೋಗಿ, ಅವನ ಮೂರು ಗೋಡೌನುಗಳಲ್ಲಿ ಒಂದನ್ನು ಸೇರಿದೆ ಎಂಬುದಷ್ಟೇ ಇಲ್ಲಿಯವರೆಗೆ ಗೊತ್ತಾಗಿದ್ದದ್ದು. ಒಂದು ಗೋಡೌನು ರಾಮನಗರದಲ್ಲಿ, ಒಂದು ಕನಕಪುರದಲ್ಲಿ, ಇನ್ನೊಂದು ಮಾಗಡಿಯಲ್ಲಿ.

ಅಶ್ವಥನ ಕಡೆಯ ಕಥೆ ಸರಳ. ಡ್ರೈವರ್ ಮಾಡಿದ ಕೆಲಸ, ಡ್ರೈವರ್ ಪರಾರಿ, ಅವನು ಪೆಟ್ಟಿಗೆಯನ್ನು ಎಲ್ಲಿ ಇಳಿಸಿದನೋ ತನಗೆ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಬೆಳಗ್ಗೆ ತಾನಾಗಿಯೇ ಠಾಣೆಗೆ ಬಂದು, ಗಂಗಯ್ಯನನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕನಕಪುರದ ಗೋಡೌನು ತೆಗೆದು ತೋರಿಸಿದ್ದ. ಒಳಗೆ ಇಲಿ ಹಿಕ್ಕೆ ಬಿಟ್ಟು ಏನೂ ಇರಲಿಲ್ಲ. ಉಳಿದ ಎರಡರ ಬೀಗದ ಕೈ ತನ್ನ ಲೆಕ್ಕ ಬರೆಯುವ ರೈಟರ್ ಹತ್ತಿರ ಇದೆ, ನಾಳೆ ತರಿಸುತ್ತೇನೆ ಎಂದಿದ್ದ.

ನಾಳೆಗೆ ಕಾಯುವ ಹಾಗಿರಲಿಲ್ಲ. ಬೀರುವಿನ ಕೀಲಿ ಇದ್ದದ್ದು ಶರೀಫ್ ಸಾಬರ ಮೊಮ್ಮಗಳು ಕೆಹಕಶಾನ್ ಕೈಯಲ್ಲಿ. ದೂರು ಕೊಟ್ಟ ಸಂಘದ ಅಧ್ಯಕ್ಷ ಅನಂತರಾಜು ಬಹಳ ನೋವಿನಿಂದಲೇ ಆ ಹುಡುಗಿಯ ಹೆಸರು ಬರೆಸಿದ್ದರು. ಸಂಜೆಯೊಳಗೆ ಅಂಬಾರಿ ಸಿಗದಿದ್ದರೆ ಅವಳನ್ನೇ ಒಳಗೆ ಹಾಕಿ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅಲ್ಲಿಗೆ ಅಂಬಾರಿ ತೆಗೆದುಕೊಂಡು ಅವಳು ಹೋಗಬೇಕಿದ್ದ ದೆಹಲಿಯ ಪ್ರದರ್ಶನವೂ ಹೋಯಿತು, ಮನೆತನದ ಮಾನವೂ ಹೋಯಿತು.

ಎರಡು ಕಡೆಗೂ ಒಟ್ಟಿಗೆ ನುಗ್ಗೋಣ ಎಂದರೆ ಜನ ಎಲ್ಲಿ? ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಯಾವುದೋ ಹೊಸ ಕಾರ್ಖಾನೆಯ ಉದ್ಘಾಟನೆ. ಜಿಲ್ಲೆಯ ಖಾಕಿಯೆಲ್ಲ ಅಲ್ಲಿ ಬಂದೋಬಸ್ತಿಗೆ ನಿಂತಿತ್ತು. ಇಲ್ಲಿ ಉಳಿದದ್ದು ಒಂದು ಜೀಪು. ಒಂದು ಕಡೆ ತಪ್ಪಾಗಿ ಬಾಗಿಲು ಒಡೆದರೆ ಇನ್ನೊಂದು ಕಡೆಗೆ ಫೋನು ಹೋಗುತ್ತದೆ, ಅಂಬಾರಿ ಹೊಸೂರು ದಾಟಿ ತಮಿಳುನಾಡು ಸೇರುತ್ತದೆ.

“ನಾನು ನಿನ್ನೆ ರಾತ್ರಿನೇ ರಾಮನಗರ ಅಂತ ತೀರ್ಮಾನ ಮಾಡಿದ್ದೆ,” ಎಂದಳು ಭಾನುಪ್ರಿಯ. “ಹತ್ತಿರ ಅಂತ ಅಷ್ಟೇ. ಬೇರೆ ಆಧಾರ ಏನೂ ಇರಲಿಲ್ಲ.”

ಗಂಗಯ್ಯನ ಮುಖ ಸ್ವಲ್ಪ ಸಣ್ಣದಾಯಿತು. ತನಗೇ ಹೇಳಲಿಲ್ಲವಲ್ಲ ಎಂದ. ಠಾಣೆಯಲ್ಲಿ ಯಾರಿಗೂ ಹೇಳಿಲ್ಲ, ಜೀಪು ಹತ್ತಿದ ಮೇಲೆ ಹೇಳೋಣ ಎಂದುಕೊಂಡಿದ್ದೆ ಎಂದು ಅವಳು ಸಮಾಧಾನ ಹೇಳಿದಳು.

“ಅಂಗಾರೆ ರಾಮನಗರಕ್ಕೇ ನಡೀರಿ. ಇಟ್ಟ ಕೈ ಯಾಕ್ ತೆಗೀಬೇಕು? ಅದೂ ಅರ್ಧ, ಇದೂ ಅರ್ಧ.”

ಅವನು ಹೇಳಿದ್ದು ಯಾರಿಗಾದರೂ ಸರಿ ಅನ್ನಿಸಬೇಕಾದ ಮಾತೇ. ಆದರೆ ಭಾನುಪ್ರಿಯಳ ತಲೆಯೊಳಗೆ ಕಾಲೇಜಿನ ಒಂದು ಲೆಕ್ಕ ಕೆರೆಯತೊಡಗಿತ್ತು. ಮೂರು ಬಾಗಿಲು, ಒಂದರ ಹಿಂದೆ ಬಹುಮಾನ. ನೀನು ಒಂದನ್ನು ಆರಿಸಿದ ಮೇಲೆ, ಒಳಗುಟ್ಟು ಬಲ್ಲವನು ಉಳಿದ ಎರಡರಲ್ಲಿ ಖಾಲಿ ಇರುವ ಒಂದನ್ನು ತೆಗೆದು ತೋರಿಸುತ್ತಾನೆ. ಈಗ ನಿನ್ನ ಆಯ್ಕೆ ಬದಲಾಯಿಸುತ್ತೀಯಾ? ಬದಲಾಯಿಸಬೇಕು ಎಂದು ಮೇಷ್ಟರು ಹೇಳಿದ್ದರು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ನಂಬರು ತೆಗೆದಿದ್ದಳು. ನಂಬಿರಲಿಲ್ಲ, ಅಷ್ಟೇ.

ಮೂಲೆಯ ಬೆಂಚಿನಲ್ಲಿ ಕೆಹಕಶಾನ್ ಕೂತಿದ್ದಳು. ಬೆಳಗ್ಗಿನಿಂದ ಅತ್ತಿರಲಿಲ್ಲ, ಬೇಡಿಕೊಂಡಿರಲಿಲ್ಲ. ಶರೀಫ್ ಸಾಬರ ಕೈ ನಡುಗಲು ಶುರುವಾದ ಮೇಲೆ ಮರ ತಿರುಗಿಸಿ ಕಡೆಯುವ ಲೇತಿನ ಮುಂದೆ ಕೂತು ಮನೆ ನಡೆಸಿದವಳು ಅವಳು. ಬೆರಳ ತುದಿಗಳಲ್ಲಿ ಅರಗಿನ ಕೆಂಪು ಹತ್ತಿಕೊಂಡು ಹೋಗಿತ್ತು. ಆ ಬಣ್ಣವನ್ನು ಮುಚ್ಚಿಕೊಳ್ಳುವ ಹುಡುಗಿಯಲ್ಲ, ಮೇಜಿನ ಮೇಲೆ ಕೈ ಚಾಚಿಯೇ ಮಾತಾಡುತ್ತಿದ್ದಳು.

ಅವಳ ಚೀಲದಲ್ಲಿ ಅಂಗಡಿಗೆ ಕೊಡಬೇಕಾಗಿದ್ದ ಕುಂಕುಮದ ಡಬ್ಬಿಗಳಿದ್ದವು. ಭಾನುಪ್ರಿಯ ಅರಿಶಿನ ಬಣ್ಣದ ಮೂರನ್ನು ಈಸಿಕೊಂಡು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದಕ್ಕೊಂದು ತಲೆಕೂದಲಷ್ಟೂ ವ್ಯತ್ಯಾಸವಿಲ್ಲ. ಚನ್ನಪಟ್ಟಣದ ಕೈ ಎಂದರೆ ಹಾಗೆ.

“ಗಂಗಯ್ಯನೋರೆ, ಜೇಬಲ್ಲಿ ಅಡಿಕೆ ಐತಲ್ಲ, ಒಂದ್ ಚೂರು ಕೊಡಿ.”

ಆಟ ಹೀಗೆ. ಕೆಹಕಶಾನ್ ದುಪಟ್ಟಾದ ಮರೆಯಲ್ಲಿ ಅಡಿಕೆಯನ್ನು ಒಂದು ಡಬ್ಬಿಯೊಳಗೆ ಬಚ್ಚಿಡಬೇಕು. ಗಂಗಯ್ಯ ಒಂದರ ಮೇಲೆ ಬೆರಳಿಡಬೇಕು. ಉಳಿದ ಎರಡರಲ್ಲಿ ಖಾಲಿ ಇರುವುದನ್ನು ಅವಳು ತೆಗೆದು ತೋರಿಸಬೇಕು. ಆಮೇಲೆ ಅವನು ಬೆರಳು ಇಟ್ಟಲ್ಲೇ ಇಡಬಹುದು, ಇಲ್ಲವೇ ಬದಲಾಯಿಸಬಹುದು.

ಗಂಗಯ್ಯ ಬದಲಾಯಿಸುವ ಪೈಕಿಯೇ ಅಲ್ಲ. ಬೆರಳಿಟ್ಟರೆ ಇಟ್ಟಂತೆ. ಮೊದಲ ಸಲ ಅಡಿಕೆ ಸಿಕ್ಕಿತು, ಸ್ಟೇಷನ್ನೆಲ್ಲ ಕೇಳುವ ಹಾಗೆ ನಕ್ಕ. ಎರಡನೆಯ ಸಲ ಹೋಯಿತು, ಮೂರನೆಯ ಸಲವೂ ಹೋಯಿತು. ಆಮೇಲೆ ಒಮ್ಮೆ ಸಿಕ್ಕಿ, ಮತ್ತೆ ಮೇಲಿಂದ ಮೇಲೆ ಕೈಕೊಡತೊಡಗಿತು. ಆಟ ಸಾಕಷ್ಟು ನಡೆಯುವ ಹೊತ್ತಿಗೆ ಅವನ ಮೀಸೆ ಕೆಳಗಿಳಿದಿತ್ತು.

ಅದೇ ಆಟವನ್ನು ಭಾನುಪ್ರಿಯ ಆಡಿದಳು. ಅವಳು ಪ್ರತಿ ಸಲವೂ ಬೆರಳು ಬದಲಾಯಿಸಿದಳು. ಅಡಿಕೆ ಅವಳಿಗೆ ಒಲಿದು ಬರತೊಡಗಿತು. ತಪ್ಪಿದ್ದೂ ಉಂಟು, ಆದರೆ ಸಿಕ್ಕಿದ್ದೇ ಜಾಸ್ತಿ.

“ನಿಮ್ ಗ್ರಹಗತಿ ಚೆನ್ನಾಗೈತೆ ಇವತ್ತು,” ಎಂದ ಗಂಗಯ್ಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಅವನಿಗೂ ನೆನಪಾಗಿರಬೇಕು, ಮುಖ ಹಾಗಿತ್ತು.

“ಗ್ರಹಗತಿ ಅಲ್ಲ. ನೀವು ಮೊದಲು ಬೆರಳಿಟ್ಟಾಗ ಅಡಿಕೆ ಸಿಗೋದು ಮೂರಕ್ಕೆ ಎಷ್ಟು ಸಲ?”

“ಒಂದ್ ಸಲ. ಅಷ್ಟ್ ಗೊತ್ತಿಲ್ವಾ ನಂಗೆ?”

“ಅಂದ್ರೆ ಮೂರಕ್ಕೆ ಎರಡು ಸಲ ನಿಮ್ ಬೆರಳು ತಪ್ಪು ಡಬ್ಬಿ ಮೇಲೇ ಇರ್ತದೆ. ಆವಾಗ ಅಡಿಕೆ ಉಳಿದ ಎರಡರಲ್ಲಿ ಒಂದರಲ್ಲಿ ಇರ್ಬೇಕು. ಖಾಲಿ ಇರೋದು ಯಾವ್ದು ಅಂತ ಅವಳಿಗೆ ಗೊತ್ತು, ಅದನ್ನ ತೆಗೆದು ಬಿಸಾಕ್ತಾಳೆ. ಮತ್ತೆ ಉಳಿಯೋದು ಯಾವ್ದು?”

ಗಂಗಯ್ಯ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡಿದ. ಕೆಹಕಶಾನ್ ಮೆಲ್ಲಗೆ ಅವನ ಸಹಾಯಕ್ಕೆ ಬಂದಳು. ತಮ್ಮ ಕಾರ್ಖಾನೆಯಲ್ಲಿ ಒಂದು ಹಲಗೆಯ ತುಂಬ ಡಬ್ಬಿ ಜೋಡಿಸಿರುತ್ತಾರೆ, ಗಂಗಣ್ಣ ಅದರಲ್ಲಿ ಒಂದನ್ನು ಮುಟ್ಟಲಿ, ಅಡಿಕೆ ಎಲ್ಲಿದೆ ಎಂದು ಬಲ್ಲ ತಾನು ಮಿಕ್ಕಿದ್ದನ್ನೆಲ್ಲ ಒಂದೊಂದಾಗಿ ತೆಗೆದು ಖಾಲಿ ಎಂದು ತೋರಿಸಿ ಒಂದೇ ಒಂದನ್ನು ಮುಚ್ಚಿಟ್ಟುಕೊಂಡರೆ ಆವಾಗಲೂ ಅರ್ಧ ಅರ್ಧ ಅನ್ನುತ್ತಾರಾ ಎಂದು ಕೇಳಿದಳು.

“ಏ, ಅಂಗ್ ಮಾಡುದ್ರೆ ನೀನ್ ಮುಚ್ಚಿಟ್ಕಂಡಿರೋದ್ರಲ್ಲೇ ಐತೆ ಅಂತ ಕುರುಡಂಗೂ ಗೊತ್ತಾಯ್ತದೆ,” ಎಂದವನೇ ಗಂಗಯ್ಯ ತನ್ನ ಮಾತಿಗೆ ತಾನೇ ಬೆಚ್ಚಿದ. ಆಮೇಲೆ ತಲೆ ಕೆರೆದುಕೊಂಡು ನಕ್ಕ. ಸೋತದ್ದಕ್ಕೆ ನಗುವ ಗಂಡಸು ಅಪರೂಪ, ಆ ಕ್ಷಣ ಅವನು ಭಾನುಪ್ರಿಯಳಿಗೆ ಬಹಳ ಇಷ್ಟವಾದ.

ಅವಳ ಎದೆಯೊಳಗೆ ಏನೋ ತಟ್ಟನೆ ಅರಳಿತ್ತು. ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಉತ್ತರ ಇವತ್ತು ಸ್ವಂತದ್ದಾಗಿತ್ತು. ಮೊದಲ ಬೆರಳು ತಪ್ಪಿರುವುದೇ ಹೆಚ್ಚು, ತಪ್ಪಿದ್ದರೆ ಬದಲಾಯಿಸಿದ್ದೇ ಸರಿ. ಎರಡೇ ವಾಕ್ಯ. ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಒಂದು ಕಡೆ ನಾಚಿಕೆ, ಆದರೂ ಬಂತಲ್ಲ ಎಂದು ಇನ್ನೊಂದು ಕಡೆ ಹೆಮ್ಮೆ. ಹೆಮ್ಮೆಯದ್ದೇ ತೂಕ ಜಾಸ್ತಿ.

“ಅಂಗಾರೆ ಮಾಗಡಿಗೆ,” ಎಂದು ಗಂಗಯ್ಯ ಟೋಪಿ ಎತ್ತಿಕೊಂಡ.

“ತಡೀರಿ. ಈ ಸಲ ನೀವು ತೆಗೀರಿ. ಅಡಿಕೆ ಎಲ್ಲೈತೆ ಅಂತ ನೋಡ್ಬೇಡಿ.”

ಕೆಹಕಶಾನ್ ಬಚ್ಚಿಟ್ಟಳು, ಭಾನುಪ್ರಿಯ ಬೆರಳಿಟ್ಟಳು, ಏನೂ ಗೊತ್ತಿಲ್ಲದ ಗಂಗಯ್ಯ ಉಳಿದ ಎರಡರಲ್ಲಿ ಒಂದರ ಮುಚ್ಚಳ ಎತ್ತಿದ. ಅಡಿಕೆಯೇ ಆಚೆ ಉರುಳಿ ಬಿತ್ತು. ಆಟ ಅಲ್ಲಿಗೇ ಕೆಟ್ಟಿತು. ಮತ್ತೆ ಆಡಿದರು. ಕೆಲವು ಸಲ ಹೀಗೆ ಕೆಡುತ್ತಿತ್ತು. ಕೆಡದೆ ಖಾಲಿ ಡಬ್ಬಿ ಬಂದಾಗ, ಬದಲಾಯಿಸಿದರೂ ಬದಲಾಯಿಸದಿದ್ದರೂ ಅಡಿಕೆ ಸಿಗುವುದು ಸಮಸಮವೇ ಆಗುತ್ತಿತ್ತು. ಗಂಗಯ್ಯನ ಅರ್ಧ ಅರ್ಧ ಇಲ್ಲಿ ಸರಿಯಾಗಿಯೇ ಇತ್ತು.

ಭಾನುಪ್ರಿಯಳಿಗೆ ಬೇಕಾಗಿದ್ದದ್ದು ಇದೇ. ಎರಡು ಆಟಗಳಲ್ಲೂ ಕಣ್ಣಿಗೆ ಕಾಣುವುದು ಒಂದೇ, ಒಂದು ಖಾಲಿ ಡಬ್ಬಿ. ಆದರೆ ಗೊತ್ತಿದ್ದು ತೆಗೆದರೆ ಒಂದು ಲೆಕ್ಕ, ಗೊತ್ತಿಲ್ಲದೆ ತೆಗೆದರೆ ಇನ್ನೊಂದು ಲೆಕ್ಕ. ಹಾಗಾದರೆ ಕನಕಪುರದ ಬಾಗಿಲನ್ನು ಅಶ್ವಥ್ ಯಾವ ಲೆಕ್ಕದಲ್ಲಿ ತೆಗೆದ?

ಅಶ್ವಥ್ ಠಾಣೆಯ ಜಗಲಿಯಲ್ಲೇ ಇದ್ದ. ತನ್ನ ಸಜ್ಜನಿಕೆಯ ಫಲಕ್ಕಾಗಿ ಕಾಯುತ್ತಿದ್ದವನಂತೆ ಕಾಲ ಮೇಲೆ ಕಾಲು ಹಾಕಿ ಟೀ ಹೀರುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅಧ್ಯಕ್ಷ ಅನಂತರಾಜು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಮುಖದ ತುಂಬ ಚಿಂತೆ. ಅಶ್ವಥನನ್ನು ಮಾತ್ರ ಒಳಗೆ ಕರೆಸಿ, ಕುರ್ಚಿ ಕೊಟ್ಟು, ಭಾನುಪ್ರಿಯ ಎದುರಿಗೆ ಕೂತಳು. ಮೇಜಿನ ಮೇಲಿನ ಡಬ್ಬಿಗಳನ್ನು ಸರಿಸಲಿಲ್ಲ.

ಡ್ರೈವರ್ ಬಗ್ಗೆ ಇನ್ನೊಮ್ಮೆ ಕೇಳಿದಳು. ಅವನು ಅದೇ ಕಥೆ ಹೇಳಿದ. ಪೆಟ್ಟಿಗೆ ಎಲ್ಲಿ ಇಳಿದಿದೆಯೋ ದೇವರಾಣೆಗೂ ತನಗೆ ತಿಳಿಯದು, ಮೂರರಲ್ಲಿ ಎಲ್ಲಿ ಬೇಕಾದರೂ ಇರಬಹುದು, ತಾನು ಬರೀ ಬಾಡಿಗೆಗೆ ಗಾಡಿ ಬಿಡುವವನು ಎಂದ.

“ಮೂರರಲ್ಲಿ ಕನಕಪುರದ್ದೇ ಯಾಕೆ ತೋರಿಸಿದ್ರಿ?”

“ಸುಮ್ಕೆ ಮೇಡಂ. ಯಾವ್ದೋ ಒಂದ್ ತೋರ್ಸುದ್ರೆ ನಿಮ್ಗೂ ನಂಬ್ಕೆ ಬತ್ತದೆ ಅಂತ. ಕೈಗ್ ಸಿಕ್ಕಿದ್ ಬೀಗದ್ ಕೈ ತಂದೆ.”

ಸುಮ್ಕೆ. ಈ ಸೀಮೆಯಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ. ಎಲ್ಲಿಗ್ಲಾ ಹೋಗಿದ್ದೆ ಅಂದರೆ ಸುಮ್ಕೆ. ಯಾಕ್ಲಾ ನಗ್ತಿದ್ದೀಯ ಅಂದರೆ ಸುಮ್ಕೆ. ಕಾರಣ ಇಲ್ಲದಾಗಲೂ ಆ ಮಾತು, ಕಾರಣ ಹೇಳಲು ಮನಸ್ಸಿಲ್ಲದಾ­ಗಲೂ ಅದೇ ಮಾತು. ಕೂಟಗಲ್ಲಿನಲ್ಲಿ ಬೆಳೆದವಳಿಗೆ ಎರಡರ ರುಚಿಯೂ ಗೊತ್ತು.

ಭಾನುಪ್ರಿಯ ಗಂಗಯ್ಯನ ಕಡೆ ತಿರುಗಿ, ಕನಕಪುರದಲ್ಲಿ ಷಟರ್ ಎತ್ತಿದಾಗ ಏನೇನು ಕಂಡಿರಿ ಎಂದು ಕೇಳಿದಳು. ಗಂಗಯ್ಯ ಯೋಚಿಸಿ ಯೋಚಿಸಿ ಹೇಳಿದ. ಬೀಗ ತೆಗೆದರು, ಷಟರ್ ಎತ್ತಿದರು, ಎತ್ತಿ ಪಕ್ಕಕ್ಕೆ ಸರಿದು ನನ್ನ ಮುಖವನ್ನೇ ನೋಡಿಕೊಂಡು ನಿಂತರು. ನಾನು ಟಾರ್ಚ್ ಬಿಟ್ಟು ಮೂಲೆ ಮೂಲೆ ಹುಡುಕಿ ಆಚೆ ಬರುವವರೆಗೂ ಅವರು ಒಳಕ್ಕೆ ಇಣುಕಲಿಲ್ಲ.

“ಅಶ್ವಥ್ ಅವ್ರೇ,” ಎಂದಳು ಅವಳು ನಿಧಾನವಾಗಿ, “ಪೆಟ್ಟಿಗೆ ಎಲ್ಲಿ ಇಳಿಸವ್ನೋ ನಿಮಗೆ ಗೊತ್ತಿಲ್ಲ. ಪೊಲೀಸ್ನೋರನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ಷಟರ್ ಎತ್ತಿದ್ರಿ. ಅದು ಒಳಗಿದ್ದಿದ್ರೆ ಅಲ್ಲೇ ನಿಮ್ಮ ಕೈಗೆ ಕೋಳ. ನಾನಾಗಿದ್ರೆ ಎದೆ ಹೊಡ್ಕೊಳ್ತಿತ್ತು, ಎಲ್ಲಾರಿಗಿಂತ ಮೊದಲು ನಾನು ಇಣುಕಿ ನೋಡ್ತಿದ್ದೆ. ನೀವು ನೋಡ್ಲೇ ಇಲ್ಲ.”

“ಖಾಲಿ ಗೋಡೌನಲ್ಲಿ ನೋಡದೇನೈತೆ ಮೇಡಂ?”

ಹೇಳಿ ಮುಗಿಸಿದ ಮೇಲೆ ಅವನಿಗೇ ಕೇಳಿಸಿತು. ಕೈಯಲ್ಲಿದ್ದ ಟೀ ಲೋಟ ಬಾಯಿಗೂ ಹೋಗಲಿಲ್ಲ, ಮೇಜಿಗೂ ಬರಲಿಲ್ಲ. ಗಂಗಯ್ಯ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಬೆಂಚಿನ ಮೇಲಿದ್ದ ಕೆಹಕಶಾನ್ ಬೆಳಗ್ಗಿನಿಂದ ಮೊದಲ ಸಲ ತಲೆಯೆತ್ತಿ ಅಶ್ವಥನ ಮುಖವನ್ನು ನೇರವಾಗಿ ನೋಡಿದಳು.

“ಖಾಲಿ ಅಂತ ಬಾಗಿಲು ತೆಗೆಯೋಕೆ ಮುಂಚೆನೇ ಗೊತ್ತಿತ್ತು ನಿಮಗೆ,” ಎಂದಳು ಭಾನುಪ್ರಿಯ. “ಅದು ಖಾಲಿ ಅಂತ ಗೊತ್ತಿರೋನಿಗೆ ತುಂಬಿರೋದು ಯಾವುದು ಅಂತ್ಲೂ ಗೊತ್ತಿರ್ತದೆ.”

ಅವನು ವಕೀಲರು ಬರಲಿ ಎಂದ. ಅವನ ಫೋನು ಈಸಿಕೊಂಡು, ಠಾಣೆಯಲ್ಲಿ ಉಳಿದಿದ್ದ ಒಬ್ಬಳೇ ಮಹಿಳಾ ಕಾನ್‌ಸ್ಟೇಬಲ್ ಸುಮನಾಳನ್ನು ಕಾವಲಿಗೆ ಇಟ್ಟು, ಭಾನುಪ್ರಿಯ ಎದ್ದಳು. ಗೊತ್ತಿದ್ದವನು ತೆಗೆದ ಬಾಗಿಲು. ಲೆಕ್ಕ ಮೂರಕ್ಕೆ ಎರಡು ಮಾಗಡಿಯ ಕಡೆಗೇ ಬೆರಳು ತೋರಿಸುತ್ತಿತ್ತು.

ಹೊರಡುವಾಗ ಕೆಹಕಶಾನ್ ಬಾಗಿಲ ತನಕ ಬಂದಳು.

“ಮೇಡಂ, ಅಂಬಾರಿ ಸಿಕ್ಕಿದ್ರೆ ಕೊನೇ ಆನೆ ನೋಡಿ. ಅದಕ್ಕೆ ಬಣ್ಣ ಉಜ್ಜಿದ್ದು ನಾನು. ಆವಾಗ ಲೇತ್ ನನಗಿಂತ ಎತ್ತರ ಇತ್ತು. ಬಾಕಿ ಎಲ್ಲಾ ನಮ್ ದಾದಾದು, ತಾತಂದು.” ಮತ್ತೆ ಸೇರಿಸಿದಳು. “ನಾನು ಮಾಡಿದ್ದನ್ನ ನಾನೇ ಕದೀತೀನಾ, ಹೇಳಿ.”

ಭಾನುಪ್ರಿಯ ಅವಳ ಭುಜ ಮುಟ್ಟಿದಳು. ಹಾಲೆಮರ ಕಡೆದು, ಅರಗು ಉಜ್ಜಿ, ತಾಳೆಗರಿಯಿಂದ ಮೆರುಗು ಕೊಟ್ಟ ಆ ಆನೆಗಳ ಸಾಲನ್ನು ಸ್ಕೂಲಿನ ಪ್ರವಾಸದಲ್ಲಿ ಅವಳೂ ನೋಡಿದ್ದಳು. ಗಾಜಿಗೆ ಮೂಗು ಒತ್ತಿಕೊಂಡು ನಿಂತು, ಇದು ನಮ್ಮ ಜಿಲ್ಲೆಯದು ಎಂದು ಬೀಗಿದ್ದ ಮಕ್ಕಳಲ್ಲಿ ಅವಳೂ ಒಬ್ಬಳು.

ಅಂಬಾರಿಯನ್ನು ಗುರುತಿಸಲು ಸಂಘದವರು ಒಬ್ಬರು ಬೇಕಾಗುತ್ತದಲ್ಲ ಎಂದು ಅನಂತರಾಜು ತಾವಾಗಿಯೇ ಜೀಪು ಹತ್ತಿದರು. ಮಾಗಡಿಗೆ ಎಂದು ಕೇಳಿ ಒಳ್ಳೆಯದು ಎಂದರು. ಗಂಗಯ್ಯ ಸ್ಟೇರಿಂಗ್ ಹಿಡಿದ. ಅಧ್ಯಕ್ಷರು ಹಿಂದಿನ ಸೀಟಿನಲ್ಲಿ ಕೂತು ಫೋನು ನೋಡಿಕೊಳ್ಳುತ್ತಿದ್ದರು, ಸಂಘದ ಕೆಲಸ ಒಂದಾ ಎರಡಾ.

ರಾಮನಗರ ಬಂತು. ಹೆದ್ದಾರಿಯ ಮಗ್ಗುಲಲ್ಲೇ ಅಶ್ವಥನ ಗೋಡೌನು, ಹಸಿರು ಬಾಗಿಲು ಮುಚ್ಚಿಕೊಂಡು ನಿಂತಿತ್ತು. ಬೆಳಗ್ಗೆ ಕನಕಪುರಕ್ಕೆ ಹೋಗುವಾಗಲೂ ಇದರ ಮುಂದೆಯೇ ಹಾದದ್ದು, ಅಶ್ವಥ್ ಈ ಕಡೆ ಕತ್ತು ಕೂಡ ತಿರುಗಿಸಲಿಲ್ಲ ಎಂದ ಗಂಗಯ್ಯ. ಜೀಪು ಎಡಕ್ಕೆ ಮಾಗಡಿ ರಸ್ತೆ ಹಿಡಿಯಿತು. ಬಂಡೆ ಗುಡ್ಡಗಳು ಹಿಂದಕ್ಕೆ ಸರಿದು ಹಿಪ್ಪುನೇರಳೆ ಹೊಲಗಳು ಶುರುವಾದವು.

ಭಾನುಪ್ರಿಯ ಮನಸ್ಸಿನಲ್ಲಿ ಆಟವನ್ನು ಮತ್ತೆ ಆಡುತ್ತಿದ್ದಳು. ಗೆದ್ದ ಆಟವನ್ನು ಮತ್ತೆ ಮತ್ತೆ ಆಡುವುದು ಮನುಷ್ಯರ ಚಟ. ಕೆಹಕಶಾನ್ ಬಚ್ಚಿಡುತ್ತಾಳೆ, ಗಂಗಯ್ಯ ಬೆರಳಿಡುತ್ತಾನೆ, ಅವಳು ಅವನ ಬೆರಳು ನೋಡುತ್ತಾಳೆ, ಆ ಡಬ್ಬಿ ಬಿಟ್ಟು ಬೇರೆಯದನ್ನು ತೆಗೆಯುತ್ತಾಳೆ.

ಅವಳು ಅವನ ಬೆರಳು ನೋಡುತ್ತಾಳೆ.

ಅಡಿಕೆ ಎಲ್ಲಿದೆ ಎಂದು ಗೊತ್ತಿದ್ದರೆ ಸಾಲದು. ಬೆರಳು ಎಲ್ಲಿದೆ ಎಂದೂ ಗೊತ್ತಿರಬೇಕು. ಬೆರಳು ಗೊತ್ತಿಲ್ಲದವನು ಎರಡು ಖಾಲಿ ಗೋಡೌನುಗಳಲ್ಲಿ ಯಾವುದನ್ನಾದರೂ ತೆಗೆಯಬಹುದಿತ್ತು, ಹತ್ತಿರದ್ದನ್ನು ಬಿಟ್ಟು ಕನಕಪುರದವರೆಗೆ ಪೆಟ್ರೋಲು ಸುಡುತ್ತಿರಲಿಲ್ಲ. ಅವನು ರಾಮನಗರವನ್ನು ಬೇಕೆಂದೇ ಮುಚ್ಚಿಟ್ಟಿದ್ದ. ಇಟ್ಟ ಕೈಯನ್ನು ಯಾರೂ ತೆಗೆಯುವುದಿಲ್ಲ, ಎರಡೇ ಉಳಿದರೆ ಇನ್ನೂ ಗಟ್ಟಿಯಾಗಿ ಅಲ್ಲೇ ಇಡುತ್ತಾರೆ, ಇವಳು ಬರಿಗೈಯಲ್ಲಿ ರಾಮನಗರದಿಂದ ವಾಪಸ್ಸು ಬರಲಿ ಎಂದು. ಅಂದರೆ ತಾನು ರಾಮನಗರವನ್ನು ಆರಿಸಿದ್ದು ಅವನಿಗೆ ಗೊತ್ತಿತ್ತು.

ಠಾಣೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ನಿನ್ನೆ ರಾತ್ರಿ ಅದು ಅವಳ ಬಾಯಿಂದ ಬಂದದ್ದು ಒಂದೇ ಒಂದು ಕಡೆ. ನಾಳೆ ರಾಮನಗರದಲ್ಲಿ ಅಶ್ವಥನ ಗೋಡೌನಿನ ಕೆಲಸ ಇದೆ, ಮುಗಿಸಿಕೊಂಡು ಮನೆಗೆ ಊಟಕ್ಕೆ ಬರುತ್ತೇನೆ ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದಳು.

ಫೋನು ತೆಗೆದು ದಾಸಪ್ಪನಿಗೆ ಮಾಡಿದಳು.

“ಅಪ್ಪ, ಊಟಕ್ಕೆ ಬರಕ್ಕಾಗಲ್ಲ.”

“ಗೊತ್ತಾಯ್ತು ಬುಡು ಮಗಾ. ನಿಮ್ಮವ್ವ ಕೋಳಿ ಸಾರು ಮಾಡಿ ಮಡಗವ್ಳೆ. ಸಂಜಿಕೆ ಬಾ.”

“ನಾನು ರಾಮನಗರಕ್ಕೆ ಬರೋದು ಯಾರ್ಗಾದ್ರೂ ಹೇಳಿದ್ಯಾ?”

“ಯಾರ್ಗೂ ಏಳಿಲ್ಲ ಕಣವ್ವ. ಪೊಲೀಸ್ ಇಚಾರ, ಅಷ್ಟೂ ತಿಳಿಯಾಕಿಲ್ವಾ ನಂಗೆ?” ದಾಸಪ್ಪ ತಡೆಯಲಾರದೆ ಮುಂದುವರಿಸಿದ. “ಬೆಳಿಗ್ಗೆ ಒತ್ತಾರೆನೇ ಬೊಂಬೆ ಸಂಘದ ಅಧ್ಯಕ್ಷರು ಬಂದಿದ್ರಲ್ಲ, ಅವ್ರ ಮುಂದೆ ಒಂದ್ ಮಾತ್ ಬಂತು. ಅವ್ರೇನ್ ಒರಗಿನೋರಾ? ಜಗಲಿ ಮೇಲೆ ಕುಂತ್ಕಂಡು, ದಾಸಪ್ಪ, ನಿಮ್ ಮಗ್ಳಂತ ಆಫೀಸರ್ನ ಈ ಜಿಲ್ಲೆ ಕಂಡಿಲ್ಲ ಅಂದ್ರು ಕಣವ್ವ. ನಂಗೆ ಕಣ್ಣಲ್ಲಿ ನೀರ್ ಬಂದ್ಬುಡ್ತು.”

ಭಾನುಪ್ರಿಯಳಿಗೂ ಬಂತು. ಬೈಯುವುದಾದರೂ ಏನೆಂದು? ಮಗಳ ಮೇಲಿನ ಹೆಮ್ಮೆ ತಡೆಯದೆ ಬಾಯಿಬಿಟ್ಟ ಅಪ್ಪನಿಗೆ ಯಾವ ಸೆಕ್ಷನ್ನು ಹಾಕುತ್ತಾರೆ? ಒಳ್ಳೇದಾಯ್ತಪ್ಪ, ಸಂಜೆಗೆ ಬರ್ತೀನಿ ಎಂದು ಫೋನಿಟ್ಟಳು. ದನಿ ಅಲುಗದಂತೆ ನೋಡಿಕೊಂಡಳು.

ಹಿಂದಿನ ಸೀಟಿನಿಂದ ಅನಂತರಾಜು ಕೇಳಿದರು, “ಮನೆಯಿಂದಲಾ ಮೇಡಂ? ಎಲ್ಲಾ ಚೆನ್ನಾಗಿದ್ದಾರಾ?”

ಅವಳು ಎದುರಿನ ಕನ್ನಡಿ ನೋಡಿದಳು. ಅವರ ಮುಖದಲ್ಲಿ ಅದೇ ಚಿಂತೆ, ಅದೇ ಸಜ್ಜನಿಕೆ. ಹೆಬ್ಬೆರಳು ಮಾತ್ರ ಫೋನಿನ ಮೇಲೆ ಓಡುತ್ತಿತ್ತು. ಮೊದಲ ಬೆರಳು ಎಲ್ಲಿಟ್ಟೆ ಎಂದು ಈ ಮನುಷ್ಯನಿಗೆ ಗೊತ್ತಿತ್ತು, ಅಶ್ವಥನಿಗೆ ಗೊತ್ತಾದದ್ದೂ ಇವರಿಂದಲೇ. ಬದಲಾಯಿಸಿದ್ದು ಎಲ್ಲಿಗೆ ಎಂದೂ ಈಗ ಗೊತ್ತಿದೆ. ತಾನೇ ಜೀಪಿನಲ್ಲಿ ಕೂರಿಸಿಕೊಂಡು ತಂದಿದ್ದಾಳೆ.

“ಗಂಗಯ್ಯನೋರೆ, ಗಾಡಿ ನಿಲ್ಲಿಸ್ಬೇಡಿ. ಇನ್ನೂ ಜೋರಾಗಿ ಹೋಗಿ,” ಎಂದವಳೇ ಹಿಂದಕ್ಕೆ ತಿರುಗಿ ಅಧ್ಯಕ್ಷರ ಕೈಯಿಂದ ಫೋನು ಕಿತ್ತುಕೊಂಡಳು.

ಅವರು ತಡೆಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದರು, ಅಷ್ಟೇ. ಆಗ ಅವರ ಮುಖದಲ್ಲಿ ಚಿಂತೆ ಇರಲಿಲ್ಲ.

ಫೋನಿನ ಬೆಳಕು ಇನ್ನೂ ಆರಿರಲಿಲ್ಲ. ಮಾಗಡಿ ವಾಚ್‌ಮನ್ ಎಂಬ ಹೆಸರಿನ ಕೆಳಗೆ, ಜೀಪು ಚನ್ನಪಟ್ಟಣ ಬಿಟ್ಟ ಹೊತ್ತಿನಲ್ಲೇ ಹೋಗಿದ್ದ ಒಂದು ಸಂದೇಶ ಇತ್ತು.

‘ಮಾಗಡಿಗೇ ಬತ್ತಾವ್ರೆ. ಪೆಟ್ಟಿಗೆ ಸಾಗ್ಸಕ್ಕೆ ಟೈಮಿಲ್ಲ. ಬೆಂಕಿ ಇಕ್ಬುಡು.’

ಲೆಕ್ಕ ಸರಿಯಾಗಿತ್ತು. ಅಂಬಾರಿ ಮಾಗಡಿಯಲ್ಲೇ ಇತ್ತು. ಒಣಗಿದ ಹಾಲೆಮರ, ಅದರ ಮೇಲೆ ಅರಗು. ಕೆಹಕಶಾನ್ ಕಳ್ಳಿಯಲ್ಲ ಎಂದು ಹೇಳಲು ಈ ಸಂದೇಶ ಸಾಕು, ಆದರೆ ಅಂಬಾರಿ ಉರಿದುಹೋದರೆ ಅದನ್ನು ಲೋಕದಲ್ಲಿ ಇನ್ಯಾರೂ ಮರಳಿ ಕೊಡಲಾರರು.

ಸಂದೇಶದ ಪಕ್ಕದಲ್ಲಿ ಎರಡು ನೀಲಿ ಗುರುತು ಬಿದ್ದಿದ್ದವು. ಆ ಕಡೆಯವನು ಅದನ್ನು ಓದಿಯಾಗಿತ್ತು.